ಒಂದು ತೊಟ್ಟೂ ಉಳಿಸದೆ

ಜೂನ್ 3, ಮಂಗಳವಾರ
ಬಂದರಿನ ವಸತಿಗೃಹ

ಅಪ್ಪನಿಗೆ,

ಮೊದಲು ಹಾಲನ್ನು ಫ್ರಿಜ್ಜಿನ ಮೇಲಿನ ಐಸಿನ ಅರೆಗೆ ಸೇರಿಸಿ. ಆಮೇಲೆ ಕನ್ನಡಕ ಹುಡುಕಿ. ಆಮೇಲೆ ಇದನ್ನು ಓದಿ.

ಹದಿನಾರು ಪೊಟ್ಟಣಗಳಿವೆ. ಒಂದೊಂದೂ ಒಂದು ಬಾಟಲಿಗೆ ಸರಿಯಾಗುತ್ತದೆ, ನೂರಿಪ್ಪತ್ತು ಮಿಲಿ. ಮೇಲೆ ತಾರೀಖು ಬರೆದಿದ್ದೇನೆ, ಹಳೆಯದನ್ನು ಮೊದಲು ತೆಗೆಯಿರಿ. ಬಿಸಿನೀರಿನಲ್ಲಿ ಇಟ್ಟು ಕರಗಿಸಿ, ಒಲೆಯ ಮೇಲೆ ಇಡಬೇಡಿ. ಮಗು ಕುಡಿದು ಬಿಟ್ಟದ್ದನ್ನು ಅವಳಿಗೆ ಮತ್ತೆ ಕೊಡಬೇಡಿ. ಬಸ್ಸಿನ ಕಂಡಕ್ಟರ್ ಮಂಗಳವಾರ, ಶುಕ್ರವಾರ ಈ ಥರ್ಮಾಕೋಲ್ ಪೆಟ್ಟಿಗೆ ತಂದುಕೊಡುತ್ತಾರೆ. ಮರುದಿನ ಖಾಲಿ ಪೆಟ್ಟಿಗೆಯನ್ನು ಅವರ ಕೈಗೇ ಕೊಡಿ.

ಮೆಡಿಕಲ್ ಶಾಪಿನ ಫೋನಿಗೆ ಕರೆ ಮಾಡಬಹುದಿತ್ತು. ಹೋದ ಸಲ ಮಾಡಿದಾಗ ನೀವು ಅರ್ಧ ಬೀದಿಗೆ ಕೇಳುವ ಹಾಗೆ ಮಾತಾಡಿ, ನಾನು ಹೇಳಿದ ಒಂದಕ್ಷರವೂ ಕೇಳಿಸದೆ ಇಟ್ಟುಬಿಟ್ಟಿರಿ. ಕಾಗದವೇ ವಾಸಿ.

ಕೆಲಸಕ್ಕೆ ಮರಳಿ ನಾಲ್ಕು ದಿನವಾಯಿತು. ನಾಲ್ಕನೇ ನಂಬರಿನ ಕ್ರೇನನ್ನೇ ಕೊಟ್ಟಿದ್ದಾರೆ. ಹೆರಿಗೆ ರಜೆಯನ್ನು ಇನ್ನೊಂದು ವಾರ ಎಳೆದಿದ್ದರೆ ಆ ಕುರ್ಚಿ ಬೇರೆಯವರದಾಗುತ್ತಿತ್ತು. ಇನ್ನೂರ ಹನ್ನೆರಡು ಮೆಟ್ಟಿಲು. ಮೇಲೆ ಗಾಜಿನ ಗೂಡು, ಕಾಲಡಿಯೂ ಗಾಜು. ಬಗ್ಗಿ ಕೆಳಗೆ ನೋಡುತ್ತ ಹಡಗಿನಿಂದ ಕಂಟೇನರ್ ಎತ್ತಬೇಕು, ಲಾರಿಯ ಮೇಲೆ ಇಡಬೇಕು. ವಿರಾಮ ಇಪ್ಪತ್ತು ನಿಮಿಷ. ಇಳಿದು ಹತ್ತುವುದಕ್ಕೇ ಹದಿನೈದು ಬೇಕು. ಹಾಗಾಗಿ ಇಳಿಯುವುದಿಲ್ಲ. ಕುರ್ಚಿಯಲ್ಲೇ ಶಾಲು ಹೊದ್ದು ಎದೆಗೆ ಕೈಪಂಪು ಹಚ್ಚಿ ಹಾಲು ತೆಗೆಯುತ್ತೇನೆ. ಅಷ್ಟು ಎತ್ತರದಲ್ಲಿ ಇಣುಕುವುದು ಹಕ್ಕಿಗಳು ಮಾತ್ರ.

ಅಳು ಬರಲಿಲ್ಲ. ಬರುತ್ತದೆ ಅಂದುಕೊಂಡು ಎರಡು ಕರವಸ್ತ್ರ ಇಟ್ಟುಕೊಂಡು ಹೋಗಿದ್ದೆ. ಪಂಪು ಒರೆಸಲು ಉಪಯೋಗವಾದವು.

ಹಡಗಿನ ಕೆಲಸದಲ್ಲಿರುವ ನಿಮ್ಮ ಅಳಿಯ ಬರುವುದು ಡಿಸೆಂಬರಿಗೆ. ಅಲ್ಲಿಯವರೆಗೆ ಅವಳಿಗೆ ನೀವೇ. ಒಂದು ವರ್ಷ ತುಂಬುವ ತನಕ ಅವಳಿಗೆ ಹಾಲು ಅಂದರೆ ನನ್ನದೇ ಆಗಿರಬೇಕು. ನಿಮ್ಮನ್ನು ಕೇಳುವುದು ಇದೊಂದೇ. ದಿನಕ್ಕೆ ಎಷ್ಟು ಬಾಟಲಿ ಕುಡಿದಳು ಅಂತ ಬರೆಯಿರಿ. ಬೇರೆ ಏನೂ ಬರೆಯದಿದ್ದರೂ ಸರಿ.

ನಿಮ್ಮ ಮಗಳು


ಜೂನ್ 7, ಶನಿವಾರ
ಮನೆ

ಕುಳಿತಲ್ಲಿಂದಲೇ ಹಡಗುಗಳ ಹೊಟ್ಟೆ ಬಗೆಯುವ ನನ್ನ ಮಗಳೇ, ಕೇಳು.

ಕಾಲ, ಬುಧವಾರ ಬೆಳಿಗ್ಗೆ ಹತ್ತು ಗಂಟೆ. ಸ್ಥಳ, ನಮ್ಮ ಅಡುಗೆಮನೆ. ಪಾತ್ರಗಳು ಎರಡೇ. ಬಾಟಲಿ ಹಿಡಿದು ನಿಂತ ಮಾಜಿ ಸೇನಾಪತಿ, ತೊಟ್ಟಿಲಲ್ಲಿ ಸಾಕ್ಷಾತ್ ದೊರೆಸಾನಿ. ಪರದೆ ಸರಿಯುತ್ತಲೇ ದೊರೆಸಾನಿ ಎರಡೂ ಕಾಲು ಎತ್ತಿ ಅಪ್ಪಣೆ ಕೊಡಿಸಿದಳು. ಸೇನಾಪತಿ ಮಂಡಿಯೂರಿದ. ಬಾಟಲಿ ಬಾಯಿಗೆ ಮುಟ್ಟಿದ್ದೇ ತಡ, ಮೂರು ದಿನ ಯುದ್ಧಭೂಮಿಯಲ್ಲಿ ಬಾಯಾರಿದವಳ ಹಾಗೆ ಗಟಗಟ ಕುಡಿದು, ಒಂದು ತೊಟ್ಟೂ ಉಳಿಸದೆ, ಬಾಟಲಿಯನ್ನು ಒದ್ದು, ಸಭೆ ಬರಖಾಸ್ತು ಮಾಡಿ ಮಲಗಿದಳು. ನಲವತ್ತು ವರ್ಷ ಕಂಪನಿ ನಾಟಕದಲ್ಲಿ ಕತ್ತಿ ಹಿಡಿದು ನಿಂತವನು ನಾನು. ಇಂಥ ನಿರ್ಗಮನ ಕಂಡಿಲ್ಲ.

ದಿನಕ್ಕೆ ಆರು ಬಾಟಲಿ. ಒಂದೂ ಕಡಿಮೆ ಇಲ್ಲ. ಬರೆದಿಟ್ಟುಕೋ.

ಕಂಡಕ್ಟರ್ ಮಹಾಶಯ ಪೆಟ್ಟಿಗೆ ಕೊಡುತ್ತ, "ಏನ್ ಯಜಮಾನ್ರೇ, ಒಳಗಿರೋದು ಮೀನಾ?" ಅಂದ. "ಅಮೃತ ಕಣಯ್ಯಾ, ಬಾಗಿಸದೆ ಹಿಡಿ" ಅಂದೆ. ಪಾಪ, ಅವತ್ತಿನಿಂದ ಪೆಟ್ಟಿಗೆಯನ್ನು ಸೀಟಿನ ಮೇಲಿಟ್ಟು ತಾನು ನಿಂತು ಬರುತ್ತಾನಂತೆ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಮಿಕ್ಕಿದ್ದು ಸೇನೆಗೆ ಬಿಡು.

ಇಂತಿ ನಿನ್ನ ಅಪ್ಪ


ಜೂನ್ 24, ಮಂಗಳವಾರ
ವಸತಿಗೃಹ

ಅಪ್ಪನಿಗೆ,

ಈ ಸಲವೂ ಹದಿನಾರು. ಇದಕ್ಕಿಂತ ಹೆಚ್ಚು ಬರುತ್ತಿಲ್ಲ. ಬೆಳಿಗ್ಗೆ ಐದಕ್ಕೆ, ಹತ್ತಕ್ಕೆ, ಒಂದಕ್ಕೆ, ನಾಲ್ಕಕ್ಕೆ, ಮಲಗುವ ಮುಂಚೆ ಪಂಪು ಹಚ್ಚುತ್ತೇನೆ. ಪೆಟ್ಟಿಗೆ ಕಟ್ಟುವಾಗಲೆಲ್ಲ ಒಂದೇ ಯೋಚನೆ, ಇದು ಸಾಕಾಗುತ್ತದೆಯೇ ಅಂತ. ನಿಮ್ಮ ಕಾಗದ ಬಂದಮೇಲೆ ಯೋಚನೆ ನಿಲ್ಲುತ್ತದೆ.

ಹತ್ತು ಗಂಟೆಯದಕ್ಕೂ ನಾಲ್ಕು ಗಂಟೆಯದಕ್ಕೂ ವಿರಾಮ ಸಿಗುವುದಿಲ್ಲ. ಕ್ರೇನು ನಿಲ್ಲಿಸಲೇಬೇಕು. ನಿಲ್ಲಿಸಿದ ಕೂಡಲೇ ವಾಕಿಟಾಕಿಯಲ್ಲಿ ಮೇಲ್ವಿಚಾರಕರ ದನಿ. "ನಾಲ್ಕು, ಯಾಕಮ್ಮಾ ನಿಂತೆ?"

"ಗಾಳಿ ಸಾರ್" ಅನ್ನುತ್ತೇನೆ.

ಗಾಳಿ ಜೋರಾದರೆ ನಿಲ್ಲಿಸಬಹುದು ಅಂತ ನಿಯಮವಿದೆ. ದಿನದ ಪುಸ್ತಕದಲ್ಲೂ ಗಾಳಿ ಅಂತಲೇ ಬರೆಯುತ್ತೇನೆ. ಹತ್ತು ನಿಮಿಷ ಗಾಳಿ. ಹನ್ನೆರಡು ನಿಮಿಷ ಗಾಳಿ. ಪಕ್ಕದ ಮೂರನೇ ಕ್ರೇನು ಆರಾಮಾಗಿ ಓಡಾಡುತ್ತಿರುತ್ತದೆ. ನಾನು ಸುಳ್ಳು ಹೇಳಿದರೆ ನನ್ನ ಮುಖ ಕೆಂಪಾಗುತ್ತಿತ್ತು. ಈಗ ಅದೂ ಆಗುವುದಿಲ್ಲ.

ಹೋದ ಭಾನುವಾರದ ಹಿಂದಿನ ಭಾನುವಾರ ಬಂದಿದ್ದೆನಲ್ಲ, ಅವಳು ಎದೆಯಲ್ಲಿ ಕುಡಿಯುವಾಗ ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. ಪಂಪು ಹಚ್ಚಿದಾಗ ಹಾಗೆ ನೋಡಿ ನೋಡಿ ಅಭ್ಯಾಸವಾಗಿದೆ.

ನಾನು ಪುಡಿಹಾಲಿನ ಡಬ್ಬದಲ್ಲಿ ಬೆಳೆದವಳು. ನೀವೂ ಅಮ್ಮನೂ ಕಂಪನಿಯ ಜೊತೆ ಊರೂರು ತಿರುಗುತ್ತಿದ್ದಾಗ ದೊಡ್ಡಮ್ಮ ಡಬ್ಬದಲ್ಲೇ ಸಾಕಿದರು. ಏನೂ ಕೊರತೆಯಾಗಿಲ್ಲ, ಇನ್ನೂರ ಹನ್ನೆರಡು ಮೆಟ್ಟಿಲು ಹತ್ತುತ್ತೇನೆ. ಹಂಗಿಸಲಿಕ್ಕೆ ಬರೆದದ್ದಲ್ಲ. ಅಮ್ಮ ಹೋಗಿ ಮೂರು ವರ್ಷವಾಯಿತು, ಈಗ ಯಾರನ್ನು ಹಂಗಿಸಲಿ. ಡಬ್ಬ ಬೇಡ ಅಂತ ಯಾಕೆ ಹಟ ಹಿಡಿದಿದ್ದೇನೆ ಅಂತ ನಿಮಗೆ ಗೊತ್ತಿರಲಿ, ಅಷ್ಟಕ್ಕೆ.

ನಿಮ್ಮ ಮಗಳು


ಜೂನ್ 28, ಶನಿವಾರ
ಮನೆ

ಮಗಳೇ,

ಸಾಕಾಗುತ್ತದೆಯೇ ಎಂದು ಕೇಳುತ್ತೀಯಾ? ಸಾಕಾಗಿ ಮಿಕ್ಕಿ, ಫ್ರಿಜ್ಜಿನ ಅರೆ ಬಾಗಿಲು ಹಾಕಲು ಬಿಡುತ್ತಿಲ್ಲ. ಆರಕ್ಕೆ ಆರೂ ಬಾಟಲಿ ಖಾಲಿ. ಇವತ್ತು ಆರನೆಯದು ಮುಗಿದಮೇಲೂ ತುಟಿ ಚಪ್ಪರಿಸಿ ನನ್ನ ಮೂಗನ್ನೇ ಹಿಡಿದಳು. ಹಿಂದೆ ಕುಳಿತ ಪ್ರೇಕ್ಷಕರು ಒನ್ಸ್ ಮೋರ್ ಅಂತ ಕೂಗುವುದಿಲ್ಲವೇ, ಅದೇ ಗತ್ತು. ತೊಡೆ ನೋಡಬೇಕು ನೀನು, ಕುಸ್ತಿಯವರ ತೊಡೆ. ಹೊರಗೆ ಕರೆದುಕೊಂಡು ಹೋದರೆ ಎದುರುಮನೆಯ ಟೈಲರಮ್ಮ, "ಏನ್ ಹಾಕ್ತೀರ ಇದಕ್ಕೆ? ನನ್ನ ಮೊಮ್ಮಗನಿಗೂ ಸ್ವಲ್ಪ ಹೇಳಿಕೊಡಿ" ಅನ್ನುತ್ತಾಳೆ.

ಗಾಳಿಯ ವಿಷಯ ಓದಿ ನಕ್ಕೆ. ನನ್ನ ಮಗಳು ಎಂಬುದರಲ್ಲಿ ಸಂಶಯವಿಲ್ಲ.

ಉಳಿದ ಮಾತು ಎದುರುಬದುರು ಕೂತಾಗ ಆಡೋಣ.

ಇಂತಿ ನಿನ್ನ ಅಪ್ಪ


ಜುಲೈ 15, ಮಂಗಳವಾರ
ವಸತಿಗೃಹ

ಅಪ್ಪನಿಗೆ,

ಮೊನ್ನೆ ಭಾನುವಾರ ಬಂದಾಗ ಅವಳು ಮೊದಲು ಮುಖ ತಿರುಗಿಸಿದಳು. ಎರಡು ಸಲ ಎದೆಗೆ ಹಚ್ಚಿದೆ, ಎರಡು ಸಲವೂ ನಾಲಿಗೆಯಿಂದ ತಳ್ಳಿದಳು. ಮೂರನೆಯ ಸಲ ಕುಡಿದಳು. ನೀವು ಹೊರಗೆ ಜಗುಲಿಯಲ್ಲಿ ನಿಂತು ಜೋರಾಗಿ ಹಾಡುತ್ತಿದ್ದಿರಿ.

ಇಲ್ಲಿಗೆ ಬಂದು ನಿಮ್ಮ ಕಾಗದಗಳನ್ನು ತೆಗೆದು ಕುಳಿತೆ. ಒಂದು ಕಡೆಯಿಂದ ಓದಿದೆ. ಅವಳು ಹೇಗೆ ಕುಡಿಯುತ್ತಾಳೆ ಅಂತ ಮತ್ತೆ ನೋಡುವ ಆಸೆಗೆ ಓದಿದ್ದು, ತನಿಖೆಗಲ್ಲ.

ಮೊದಲ ನಾಲ್ಕು ವಾರದಲ್ಲಿ ನಾನು ಬಂದಿದ್ದ ಎರಡು ಭಾನುವಾರ ಬಿಡಿ. ಇಪ್ಪತ್ತಾರು ದಿನ, ದಿನಕ್ಕೆ ಆರು. ನೂರ ಐವತ್ತಾರು ಬಾಟಲಿ ಆಯಿತು. ನಾನು ಕಳಿಸಿದ್ದು ಎಂಟು ಪೆಟ್ಟಿಗೆ, ನೂರ ಇಪ್ಪತ್ತೆಂಟು ಪೊಟ್ಟಣ. ಅದರಲ್ಲಿ ಮಿಕ್ಕಿದೆ ಅಂತಲೂ ಬರೆದಿದ್ದೀರಿ.

ನನಗೆ ಇದನ್ನು ಮೊದಲೇ ಯಾಕೆ ಕೂಡಿಸಿ ನೋಡಬೇಕು ಅನ್ನಿಸಲಿಲ್ಲವೋ ತಿಳಿಯದು. ಕಂಟೇನರಿನ ತೂಕದಲ್ಲಿ ಅರ್ಧ ಟನ್ ವ್ಯತ್ಯಾಸವಿದ್ದರೂ ನನ್ನ ಕೈಗೆ ತಿಳಿಯುತ್ತದೆ.

ಮಿಕ್ಕ ಬಾಟಲಿಗಳಲ್ಲಿ ಇದ್ದದ್ದು ಯಾರ ಹಾಲು ಅಂತ ಬರೆಯಿರಿ.

ಪೆಟ್ಟಿಗೆಯಲ್ಲಿ ಹದಿನಾರು ಇವೆ.

ನಿಮ್ಮ ಮಗಳು


ಜುಲೈ 19, ಶನಿವಾರ
ಮನೆ

ಮಗಳೇ,

ಮೂರು ಹಾಳೆ ಬರೆದು ಹರಿದೆ. ಮೂರರಲ್ಲೂ ನಾನು ಚೆನ್ನಾಗಿ ಕಾಣುತ್ತಿದ್ದೆ. ಇದು ನಾಲ್ಕನೆಯದು.

ಅವಳು ನಿನ್ನ ಹಾಲನ್ನು ಕುಡಿಯಲಿಲ್ಲ. ಮೊದಲ ದಿನದಿಂದಲೂ. ಜೂನ್ ನಾಲ್ಕನೇ ತಾರೀಖು ಬೆಳಿಗ್ಗೆ ಹತ್ತಕ್ಕೆ ನಾನು ಬಾಟಲಿ ಹಿಡಿದದ್ದು ನಿಜ. ಒಂದು ಗುಟುಕು ಎಳೆದು ಉಗಿದಳು. ಮತ್ತೆ ಇಟ್ಟೆ, ಕಕ್ಕಿದಳು. ಮೂಸಿ ನೋಡಿದೆ. ಸೋಪಿನ ನೀರಿನ ವಾಸನೆ. ಪಾತ್ರೆ ಸರಿಯಾಗಿ ತೊಳೆದಿಲ್ಲವೇನೋ ಅಂತ ಬಾಟಲಿಯನ್ನು ನಾಲ್ಕು ಸಲ ಕುದಿಸಿದೆ. ಇನ್ನೊಂದು ಪೊಟ್ಟಣ ಒಡೆದೆ. ಅದೂ ಹಾಗೇ. ಬಸ್ಸಿನಲ್ಲಿ ಕೆಟ್ಟಿದೆ ಅಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಅತ್ತು ಅತ್ತು ಅವಳ ದನಿ ಹೋಯಿತು. ಈ ಕಿವುಡನಿಗೂ ಕೇಳಿಸುತ್ತಿದ್ದ ಅಳು ಆಮೇಲೆ ಕೇಳಿಸಲಿಲ್ಲ, ಬಾಯಿ ಮಾತ್ರ ತೆರೆದಿತ್ತು. ಟೈಲರಮ್ಮ ಮೆಷಿನ್ ನಿಲ್ಲಿಸಿ ಓಡಿ ಬಂದಳು.

"ಮಗೂನ ಸಾಯಿಸ್ತೀರ? ಡಬ್ಬ ತನ್ನಿ" ಅಂದಳು.

"ಅವಳಮ್ಮ ಬೇಡ ಅಂದಿದಾಳೆ."

"ಅವಳಮ್ಮ ಇಲ್ಲಿದಾಳಾ?"

ಡಬ್ಬ ತಂದೆ. ಕುಡಿದಳು. ಆರು ಬಾಟಲಿ ನಿಜ, ತೊಡೆಯೂ ನಿಜ. ನೀನು ಬರುವ ಭಾನುವಾರಗಳಲ್ಲಿ ಡಬ್ಬವನ್ನು ನನ್ನ ಹಳೆಯ ಬಣ್ಣದ ಪೆಟ್ಟಿಗೆಯಲ್ಲಿ ಬಚ್ಚಿಡುತ್ತಿದ್ದೆ.

ಅವತ್ತೇ ಬರೆಯಬೇಕಿತ್ತು. ಬರೆಯಲು ಕುಳಿತೆ. ನೀನು ಕ್ರೇನಿನ ಮೇಲೆ ಶಾಲು ಹೊದ್ದು ಕುಳಿತದ್ದು ನೆನಪಾಯಿತು. ಒಂದು ವಾರ ಹೀಗೆ ತೂಗಿಸೋಣ, ಅವಳಿಗೆ ರೂಢಿಯಾಗುತ್ತದೆ, ಆಗ ಸುಳ್ಳು ತಾನಾಗಿ ನಿಜವಾಗುತ್ತದೆ ಅಂತ ಲೆಕ್ಕ ಹಾಕಿದೆ. ಪ್ರತಿ ಪೆಟ್ಟಿಗೆಯಿಂದ ಒಂದು ಪೊಟ್ಟಣ ಕೊಟ್ಟು ನೋಡುತ್ತಿದ್ದೆ. ಉಗಿಯುತ್ತಿದ್ದಳು. ಕಾಗದದಲ್ಲಿ ಮಾತ್ರ ದಿನದಿನಕ್ಕೂ ಇನ್ನೂ ಚೆನ್ನಾಗಿ ಕುಡಿಯುತ್ತಿದ್ದಳು. ಆರು ಅಂತ ಬರೆಯುವಾಗ ನೀನು ಕಳಿಸಿದ್ದು ಎಷ್ಟು ಅಂತ ನೋಡಲೇ ಇಲ್ಲ. ಯಾವ ಪಾತ್ರವನ್ನೂ ನಾನು ಅಳತೆಗೆ ಆಡಿದವನಲ್ಲ.

ನಿನ್ನ ಹಾಲನ್ನು ಚೆಲ್ಲಿದೆ. ಎಲ್ಲವನ್ನೂ. ಅಡುಗೆಮನೆಯ ಸಿಂಕಿನಲ್ಲಿ, ನಲ್ಲಿ ಬಿಟ್ಟು.

ಇನ್ನೊಂದು ಮಾತಿದೆ. ನಿನಗೆ ಹೇಳಬಾರದು ಅಂತ ನಿನ್ನ ಅಮ್ಮ ಭಾಷೆ ತೆಗೆದುಕೊಂಡಿದ್ದಳು. ನಿನ್ನನ್ನು ದೊಡ್ಡಮ್ಮನ ಹತ್ತಿರ ಬಿಟ್ಟಾಗ ನಿನಗೆ ಮೂರು ತಿಂಗಳು. ನಿನ್ನ ಅಮ್ಮನನ್ನು ಬಿಟ್ಟರೆ ಕಂಪನಿಗೆ ಬೇರೆ ನಾಯಕಿ ಇರಲಿಲ್ಲ. ಅವಳಿಗೆ ಹಾಲು ಇನ್ನೂ ನಾಲ್ಕು ತಿಂಗಳು ಇತ್ತು. ದಿನವೂ ಬಣ್ಣ ಹಚ್ಚುವ ಮುಂಚೆ ಮೂಲೆಗೆ ತಿರುಗಿ ಕುಳಿತು ಒಂದು ಲೋಟಕ್ಕೆ ಹಿಂಡುತ್ತಿದ್ದಳು. ನಿಲ್ಲಿಸು, ತಾನಾಗಿ ಬತ್ತುತ್ತದೆ ಅಂದರೆ ಕೇಳಲಿಲ್ಲ. ಊರಿಗೆ ಹೋದಾಗ ಮಗುವಿಗೆ ಬೇಕಲ್ಲ ಅನ್ನುತ್ತಿದ್ದಳು. ಕಂಪನಿ ಊರ ಕಡೆ ತಿರುಗಲೇ ಇಲ್ಲ. ಲೋಟವನ್ನು ಹೊರಗೆ ಒಯ್ದು ಚೆಲ್ಲಿ, ತೊಳೆದು ತರುವುದು ನನ್ನ ಕೆಲಸವಾಗಿತ್ತು. ಅವಳು ಒಮ್ಮೆಯೂ ಎಲ್ಲಿ ಚೆಲ್ಲಿದೆ ಅಂತ ಕೇಳಲಿಲ್ಲ.

ಹಾಗಾಗಿ ಈ ಕೆಲಸ ನನ್ನ ಕೈಗೆ ಗೊತ್ತಿತ್ತು.

ಅಪ್ಪ


ಆಗಸ್ಟ್ 2, ಶನಿವಾರ
ಮನೆ

ಮಗಳೇ,

ನಾಲ್ಕು ಪೆಟ್ಟಿಗೆ ಬಂದವು. ಕಾಗದ ಬರಲಿಲ್ಲ. ಹೋದ ಭಾನುವಾರ ನೀನೂ ಬರಲಿಲ್ಲ. ಕಂಡಕ್ಟರನನ್ನು ಕೇಳಿದೆ, "ಚೆನ್ನಾಗೇ ಇದಾರೆ, ಪೆಟ್ಟಿಗೆ ಕೊಟ್ಟು ಹೋಗ್ತಾರೆ, ಮಾತಿಲ್ಲ" ಅಂದ.

ಈ ನಾಲ್ಕು ಪೆಟ್ಟಿಗೆಯದನ್ನು ಚೆಲ್ಲಿಲ್ಲ. ಅರವತ್ತನಾಲ್ಕು ಇದ್ದದ್ದರಲ್ಲಿ ನಾಲ್ಕು ಕೊಟ್ಟು ನೋಡಿದೆ, ಉಗಿದಳು. ಅರವತ್ತು ಹಾಗೇ ಇವೆ. ನಮ್ಮ ಅರೆ ತುಂಬಿ, ಟೈಲರಮ್ಮನ ಫ್ರಿಜ್ಜಿನಲ್ಲಿ ಅರ್ಧ ಇಟ್ಟಿದ್ದೇನೆ. ಮಗುವಿಗೆ ಡಬ್ಬವನ್ನೇ ಕೊಡುತ್ತಿದ್ದೇನೆ. ಏನು ಮಾಡಬೇಕು ಅಂತ ನೀನೇ ಹೇಳಬೇಕು.

ಅವಳಿಗೆ ಕೆಳಗೆ ಒಂದು ಹಲ್ಲು ಕಾಣುತ್ತಿದೆ. ಇದು ನಿಜ.

ಅಪ್ಪ


ಆಗಸ್ಟ್ 5, ಮಂಗಳವಾರ
ವಸತಿಗೃಹ

ಅಪ್ಪನಿಗೆ,

ಸಿಟ್ಟು ಬರಬೇಕಿತ್ತು. ಕಾದೆ. ಬರಲಿಲ್ಲ. ಭಾನುವಾರ ಬಸ್‌ ನಿಲ್ದಾಣದ ತನಕ ಹೋಗಿ, ಬಸ್ಸು ಹೊರಟಮೇಲೆ ವಾಪಸ್ ಬಂದು ಬಟ್ಟೆ ಒಗೆದೆ. ಪಂಪು ಮಾತ್ರ ಹೊತ್ತಿಗೆ ಸರಿಯಾಗಿ ಹಚ್ಚಿದೆ. ಕೈ ತಾನಾಗಿ ಮಾಡುತ್ತದೆ.

ಇಲ್ಲಿಯ ದವಾಖಾನೆಯ ನರ್ಸ್ ಬಳಿ ಒಂದು ಪೊಟ್ಟಣ ಒಯ್ದೆ. ಕರಗಿಸಿ ಮೂಸಿದರು. "ಕೆಟ್ಟಿಲ್ಲಮ್ಮ. ಕೆಲವರ ಹಾಲು ಹೀಗೇ, ತಣ್ಣಗೆ ಇಟ್ಟಷ್ಟೂ ಈ ವಾಸನೆ ಬರುತ್ತೆ. ಮಗುವಿಗೆ ತೊಂದರೆ ಇಲ್ಲ, ಆದರೆ ಅದಕ್ಕೆ ಹಿಡಿಸಬೇಕಲ್ಲ" ಅಂದರು. ಹಿಂಡಿದ ಕೂಡಲೇ ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವ ತನಕ ಬಿಸಿ ಮಾಡಿ, ಕುದಿಯಲು ಬಿಡದೆ ಇಳಿಸಿ, ಆರಿಸಿ, ಐಸಿಗಿಟ್ಟರೆ ವಾಸನೆ ಬರುವುದಿಲ್ಲವಂತೆ. ತಡವಾದರೆ ಪ್ರಯೋಜನವಿಲ್ಲ. ಐದು ನಿಮಿಷದ ಮಾತು. ಜೂನ್ ಐದಕ್ಕೆ ಕೇಳಬಹುದಾಗಿದ್ದ ಮಾತು.

ಗಾಳಿಯ ವಿಷಯವೂ ಹೊರಬಿತ್ತು. ಮೇಲ್ವಿಚಾರಕರು ಮೊನ್ನೆ ಹೇಳದೆ ಕೇಳದೆ ಮೆಟ್ಟಿಲು ಹತ್ತಿ ಬಂದರು. ಐವತ್ತೆಂಟು ವಯಸ್ಸಿನ ದೇಹ. ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತ, ಶಾಲು ನೋಡಿದರು, ಪಂಪು ನೋಡಿದರು, ಬೇರೆ ಕಡೆ ತಿರುಗಿದರು.

"ಗಾಳಿ ಅಂದ್ಯಲ್ಲಮ್ಮ. ಎರಡು ತಿಂಗಳಿಂದ ನಾಲ್ಕನೇ ಕ್ರೇನಿಗೆ ಮಾತ್ರ ಬೀಸ್ತಿದೆ ಅಂತ ಆಫೀಸಲ್ಲಿ ನಗ್ತಾರೆ."

"ಮತ್ತೆ ಏನಂತ ಬರೀಲಿ ಸಾರ್?"

ದಿನದ ಪುಸ್ತಕ ತೆಗೆದು ನೋಡಿದರು. ಗಾಳಿ, ವಿದ್ಯುತ್, ದುರಸ್ತಿ, ಹಡಗು ತಡ. ನಾಲ್ಕೇ ಕಾರಣಗಳಿಗೆ ಜಾಗವಿದೆ. ಬೆರಳಿಟ್ಟುಕೊಂಡು ಎರಡು ಸಲ ಓದಿದರು. "ದುರಸ್ತಿ ಅಂತ ಬರಿ" ಅಂದು ಇಳಿದುಹೋದರು. ಕುರ್ಚಿ ಉಳಿಯಿತು.

ಈಗ ಹೀಗೆ ಮಾಡುತ್ತೇನೆ. ಬೆಳಿಗ್ಗೆ ಐದರದ್ದು, ಮಲಗುವ ಮುಂಚಿನದು, ಇವೆರಡನ್ನು ಇಲ್ಲಿಯ ಒಲೆಯ ಮೇಲೆ ಬಿಸಿ ಮಾಡಿ ಕಳಿಸುತ್ತೇನೆ. ಪೆಟ್ಟಿಗೆಗೆ ಆರು ಪೊಟ್ಟಣ ಆಗುತ್ತದೆ. ಕ್ರೇನಿನ ಮೇಲೆ ಒಲೆಯಿಲ್ಲ. ಅಲ್ಲಿಯದನ್ನು ಹಿಂಡದಿದ್ದರೆ ಬತ್ತುತ್ತದೆ, ಹಿಂಡಿದರೆ ಕಳಿಸುವಂತಿಲ್ಲ. ಅದನ್ನು ಕೆಳಗೆ ತಂದು ನಾನೇ ಚೆಲ್ಲುತ್ತೇನೆ. ಆ ಕೆಲಸ ಇನ್ನು ನಿಮಗೆ ಬೇಡ.

ಉಳಿದ ಹೊತ್ತು ಡಬ್ಬವನ್ನೇ ಕೊಡಿ. ಬಚ್ಚಿಡಬೇಡಿ.

ಆ ಅರವತ್ತನ್ನು ಏನು ಮಾಡಬೇಕು ಅಂತ ನನಗೆ ತಿಳಿಯುತ್ತಿಲ್ಲ. ಟೈಲರಮ್ಮ ಬೇಡ ಅನ್ನುವ ತನಕ ಇರಲಿ.

ಅಮ್ಮನ ಲೋಟದ ವಿಷಯ ಓದಿದೆ. ಓದಿದೆ ಅಂತ ಮಾತ್ರ ಬರೆಯುತ್ತೇನೆ.

ಈ ಪೆಟ್ಟಿಗೆಯಲ್ಲಿರುವುದು ಬಿಸಿ ಮಾಡಿದ ಹಾಲು. ಕೊಟ್ಟು ನೋಡಿ. ಕುಡಿದರೂ ಬರೆಯಿರಿ, ಬಿಟ್ಟರೂ ಬರೆಯಿರಿ. ಅಭಿನಯ ಬೇಡ.

ನಿಮ್ಮ ಮಗಳು


ಆಗಸ್ಟ್ 9, ಶನಿವಾರ
ಮನೆ

ಮಗಳೇ,

ಬುಧವಾರ ಕೊಟ್ಟೆ. ಮೂಸಿ ನೋಡಿದೆ, ವಾಸನೆಯಿಲ್ಲ. ಒಂದು ಚಮಚ ನಾನೇ ಕುಡಿದು ನೋಡಿದೆ, ಸಿಹಿಯಿದೆ. ಅವಳು ಉಗಿಯಲಿಲ್ಲ. ಬಾಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ನುಂಗಲಿಲ್ಲ. ಕಟವಾಯಿಯಿಂದ ಇಳಿಯಿತು. ಬುಧವಾರ ಏನೂ ಇಲ್ಲ.

ಗುರುವಾರ ಹತ್ತು ಮಿಲಿ ಇರಬಹುದು. ಬಟ್ಟೆಯ ಮೇಲೆ ಎಷ್ಟು ಹೋಯಿತೋ ಹೇಳಲಾರೆ.

ನಿನ್ನೆ ಬೆಳಿಗ್ಗೆ ಹತ್ತಕ್ಕೆ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಗೆರೆ ನೋಡಿಕೊಂಡು ಕೊಟ್ಟೆ. ಮೂವತ್ತು ಕುಡಿದಳು. ಆಮೇಲೆ ಬೇಡ ಅಂತ ತಳ್ಳಿದಳು. ತೊಂಬತ್ತು ಉಳಿಯಿತು. ಇಪ್ಪತ್ತೊಂಬತ್ತೂ ಅಲ್ಲ, ಮೂವತ್ತೊಂದೂ ಅಲ್ಲ. ಟೈಲರಮ್ಮನನ್ನು ಕರೆದು ಅವಳಿಗೂ ಗೆರೆ ತೋರಿಸಿದೆ. ದಿನವಿಡೀ ಬಟ್ಟೆ ಅಳೆಯುವವಳು, ಅವಳೂ ಮೂವತ್ತು ಅಂದಳು.

ಇವತ್ತಿನದು ಇನ್ನೂ ಆಗಿಲ್ಲ. ಬಸ್ಸು ಬರುವ ಹೊತ್ತಾಯಿತು.

ಅಪ್ಪ


ಆಗಸ್ಟ್ 12, ಮಂಗಳವಾರ
ವಸತಿಗೃಹ

ಅಪ್ಪನಿಗೆ,

ಪೆಟ್ಟಿಗೆಯಲ್ಲಿ ಏಳು ಇವೆ.

ನಿಮ್ಮ ಕಾಗದವನ್ನು ಮೇಲೆ ಒಯ್ದು ಕುರ್ಚಿಯಲ್ಲಿ ಕುಳಿತು ಓದಿದೆ. ಮೂವತ್ತು ಅನ್ನುವಲ್ಲಿಗೆ ಬಂದಾಗ ಹಾಲು ಇಳಿಯಿತು. ಇನ್ನೂ ಒಂಬತ್ತೂವರೆ, ಪಂಪು ಚೀಲದಲ್ಲೇ ಇತ್ತು. ಎರಡು ತಿಂಗಳಿಂದ ಹಿಚುಕಿ ಹಿಚುಕಿ ತೆಗೆದದ್ದು, ಇವತ್ತು ಕರೆಯದೆ ಬಂತು. ಅಂಗಿ ಪೂರ್ತಿ ನೆನೆಯಿತು. ಕ್ರೇನಿನ ಹಿಡಿಕೆ ಬಿಟ್ಟು ಎರಡೂ ಕೈಯಲ್ಲಿ ಎದೆ ಒತ್ತಿ ಹಿಡಿದುಕೊಂಡೆ. ನಿಲ್ಲಲಿಲ್ಲ. ನೋಯುತ್ತಿತ್ತು. ಎಲ್ಲಿ ನೋಯುತ್ತಿದೆ ಅಂತ ಬಹಳ ದಿನದ ಮೇಲೆ ಸರಿಯಾಗಿ ತಿಳಿಯಿತು.

ಈ ಭಾನುವಾರ ರಜೆ ಸಿಕ್ಕಿದೆ. ಒಂಬತ್ತು ಗಂಟೆಯ ಬಸ್ಸಿಗೆ ಬಂದು ಇಳಿಯುತ್ತೇನೆ. ಅವಳಿಗೆ ಎದ್ದಾಗಿನಿಂದ ಏನೂ ಕೊಡಬೇಡಿ. ಹಸಿದಿರಲಿ. ಅತ್ತರೆ ಎತ್ತಿಕೊಂಡು ಬೀದಿಯ ತುದಿಗೆ ಬಂದು ನಿಂತುಕೊಳ್ಳಿ, ಬಾಟಲಿ ಮಾತ್ರ ತೆಗೆಯಬೇಡಿ.

ನಿಮ್ಮ ಮಗಳು